ಊರುಗೋಲು ನೀವೇ ಮಾಡುವುದಾದರೆ: ಹಲಗೆಯೋ, ಕೊಂಬೆಯೋ, ಬಿದಿರೋ?

ಅಪ್ಪಯ್ಯನಿಗೆ ನಾನು ಮಾಡಿಕೊಟ್ಟ ಮೊದಲ ಊರುಗೋಲು ತೇಗದ್ದು. ಮನೆ ಕಟ್ಟಿಸುವಾಗ ಉಳಿದಿದ್ದ ಒಳ್ಳೆ ಹಲಗೆಯನ್ನು ಒಂದಿಂಚು ಅಗಲಕ್ಕೆ ಸೀಳಿಸಿ, ಕೀಸುಳಿ ಹಿಡಿದು ದುಂಡಗೆ ಮಾಡಿ, ಪಾಲಿಶ್ ಹೊಡೆದು ಕೊಟ್ಟಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ನಾಲ್ಕನೇ ತಿಂಗಳಿಗೆ, ಜಗಲಿ ಮೆಟ್ಟಿಲು ಇಳಿಯುವಾಗ ಅದು ನಡುವೆ ಮುರಿಯಿತು. ಪಕ್ಕದಲ್ಲೇ ಕಂಬ ಇದ್ದಿದ್ದರಿಂದ ಅಪ್ಪಯ್ಯ ಬೀಳಲಿಲ್ಲ. ಮುರಿದ ಜಾಗ ನೋಡಿದೆ. ಅಡ್ಡಕ್ಕೆ ತುಂಡಾಗಿರಲಿಲ್ಲ. ಬಾಳೆ ದಿಂಡನ್ನು ಓರೆಯಾಗಿ ಕಡಿದ ಹಾಗೆ ಉದ್ದಕ್ಕೆ ಜಾರಿ ಬಿಟ್ಟುಕೊಂಡಿತ್ತು.

ಆ ಎರಡು ತುಂಡುಗಳನ್ನು ನಮ್ಮೂರಿನ ಬಡಗಿ ಆಚಾರ್ರಿಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ, "ಮರ ಒಳ್ಳೇದೇ ಇತ್ತಲ್ಲ. ಎಳೆ ನೋಡದೆ ಸೀಳಿಸಿದ್ದೀರಿ" ಅಂದರು. ಆಮೇಲೆ ಇಲ್ಲಿಯವರೆಗೆ ನಮ್ಮ ಮನೆಗೆ, ನೆಂಟರಿಗೆ, ಪರಿಚಯದವರಿಗೆ ಸಾಕಷ್ಟು ಕೋಲು ಮಾಡಿದ್ದೇನೆ. ತೇಗವೋ ಬೀಟೆಯೋ ಅನ್ನುವುದಕ್ಕಿಂತ, ಎಳೆ, ಅಂದರೆ ಮರದೊಳಗಿನ ನಾರಿನ ಗೆರೆ, ಮೇಲಿಂದ ಕೆಳಗಿನವರೆಗೆ ಕಡಿಯದೆ ಸಾಗಿದೆಯಾ ಅನ್ನುವುದೇ ದೊಡ್ಡದು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಕೋಲು ಹಿಡಿಯುವವರನ್ನು ನೋಡಿ

ಮಂಡಿ ನೋವಿರುವ ಅಜ್ಜಿ ಊರುಗೋಲಿನ ಮೇಲೆ ಮೈಭಾರ ಬಿಡುತ್ತಾರೆ. ಗಟ್ಟಿಯಾಗಿರುವ ಅಜ್ಜ ಬೆಳಗಿನ ವಾಕಿಂಗಿಗೆ ಒಂದು ಆಸರೆ ಇರಲಿ, ನಾಯಿ ಬಂದರೆ ಬೆದರಿಸಲು ಇರಲಿ ಅಂತ ಹಿಡಿಯುತ್ತಾರೆ. ಕುಮಾರ ಪರ್ವತ ಹತ್ತುವವರಿಗೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಬೇಕಾದದ್ದು ಇನ್ನೊಂದು ಥರ. ಮೂವರಿಗೂ ಒಂದೇ ಕೋಲು ಆಗುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಆಪರೇಷನ್ ಆದವರಿಗೆ, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರಿಗೆ ಮನೆಯಲ್ಲಿ ಮಾಡಿದ ಮರದ ಕೋಲು ಬೇಡ. ಅವರಿಗೆ ಡಾಕ್ಟರು ಅಥವಾ ಫಿಸಿಯೋಥೆರಪಿಯವರು ಹೇಳಿದ ಕೋಲೇ ಆಗಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ, ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಅಲ್ಯೂಮಿನಿಯಂ ಕೋಲು ಆ ಹೊತ್ತಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಡಿಗೆ ಒಂದು ಹದಕ್ಕೆ ಬಂದ ಮೇಲೆ ಮರದ್ದು ಮಾಡಿಕೊಡಿ.

ಅಳತೆ ತೆಗೆಯುವುದು ಸುಲಭ. ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಸಿ, ನೇರ ನಿಲ್ಲಿಸಿ, ಕೈ ಸಡಿಲವಾಗಿ ಇಳಿಬಿಡಲು ಹೇಳಿ. ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಎಷ್ಟಿದೆಯೋ ಅದೇ ಕೋಲಿನ ಎತ್ತರ. 5 ಅಡಿ 5 ಇಂಚು ಎತ್ತರದವರಿಗೆ ಇದು ಸುಮಾರು 33 ಇಂಚು ಬರುತ್ತದೆ. ಈ ಅಳತೆಯಲ್ಲಿ ಕೋಲು ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರುತ್ತದೆ. ಉದ್ದ ಜಾಸ್ತಿಯಾದರೆ ಹೆಗಲು ಮೇಲೆದ್ದು ಕತ್ತು ನೋಯುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ. ಬೆಟ್ಟ ಹತ್ತುವ ಕೋಲಿಗೆ ಈ ಲೆಕ್ಕ ಬೇಡ. ಎದೆಮಟ್ಟದವರೆಗೆ ಇರಲಿ. ಹತ್ತುವಾಗ ಕೆಳಗೆ, ಇಳಿಯುವಾಗ ಮೇಲೆ ಹಿಡಿದುಕೊಳ್ಳಬಹುದು.

ಯಾವ ಕೈಗೆ ಅಂತಲೂ ಕೇಳಿಕೊಳ್ಳಿ. ಬಲಗಾಲು ನೋಯುವವರು ಎಡಗೈಯಲ್ಲಿ ಕೋಲು ಹಿಡಿಯಬೇಕು. ತುಂಬಾ ಜನ ನೋಯುವ ಕಡೆಯೇ ಹಿಡಿಯುತ್ತಾರೆ. ಅಂಗೈಗೆ ಒಪ್ಪುವಂತೆ ಹಿಡಿ ಕೆತ್ತುವುದಾದರೆ ಇದು ಮೊದಲೇ ಗೊತ್ತಿರಬೇಕು, ಅಲ್ವಾ?

ಹಲಗೆ, ಕೊಂಬೆ, ಬಿದಿರು, ಬೆತ್ತ

ನೀವು ಆರಿಸಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ.

ಹಲಗೆಯಿಂದ ಸೀಳಿದ ಕೋಲು ನೇರವಾಗಿರುತ್ತದೆ. ಒಣಗಿದ ಮರ ಮಿಲ್ಲಿನಲ್ಲಿ ಕೂಡಲೇ ಸಿಗುತ್ತದೆ, ಒಂದು ವಾರದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಗರಗಸ ಎಳೆಯನ್ನು ಕೇಳಿಕೊಂಡು ಹೋಗುವುದಿಲ್ಲ. ಮರ ಬೆಳೆಯುವಾಗ ಎಳೆ ಒಂದು ಕಡೆ ತಿರುಗಿರುತ್ತದೆ, ಗರಗಸ ನೇರ ಗೆರೆಯಲ್ಲಿ ಓಡುತ್ತದೆ. ಎರಡೂ ಸೇರದ ಕಡೆ ಎಳೆ ಕೋಲಿನ ಪಕ್ಕದಿಂದ ಹೊರಗೆ ಬಂದು ಕಡಿದು ಹೋಗುತ್ತದೆ. ಅಲ್ಲಿ ಭಾರ ಬಿದ್ದಾಗ ಮರ ಜಾರುತ್ತದೆ. ನನ್ನ ತೇಗದ ಕೋಲು ಮುರಿದದ್ದು ಹೀಗೆ.

ಹಲಗೆಯಿಂದಲೇ ಮಾಡಬೇಕೆಂದಿದ್ದರೆ ನಾಲ್ಕೂ ಬದಿ ನೋಡಿ. ಎಳೆಯ ಗೆರೆಗಳನ್ನು ಪೆನ್ಸಿಲ್‌ನಿಂದ ಹಿಂಬಾಲಿಸಿ. ಒಂದಡಿ ಒಳಗೆ ಗೆರೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿದರೆ ಆ ತುಂಡನ್ನು ಬಿಟ್ಟುಬಿಡಿ, ಎಷ್ಟೇ ಒಳ್ಳೆ ಮರವಾಗಲಿ. ಇನ್ನೂ ಒಳ್ಳೆಯ ದಾರಿ ಎಂದರೆ ಗರಗಸದ ಬದಲು ಕತ್ತಿಯ ಬಾಯಿ ಇಟ್ಟು, ಮರದ ಕೊಡತಿಯಿಂದ ಹೊಡೆದು ಸೀಳುವುದು. ಸೌದೆ ಒಡೆದಾಗ ಮರ ತನ್ನ ಎಳೆ ಹಿಡಿದೇ ಬಿಡುತ್ತದಲ್ಲ, ಹಾಗೆ. ಸ್ವಲ್ಪ ಡೊಂಕಾಗಿ ಸೀಳಬಹುದು. ಆ ಡೊಂಕು ಇರಲಿ ಬಿಡಿ.

ಕೊಂಬೆಯ ಕೋಲಿನಲ್ಲಿ ಈ ತಲೆನೋವೇ ಇಲ್ಲ. ಅದು ಕೋಲಾಗಿಯೇ ಬೆಳೆದದ್ದು. ಎಳೆ ಬುಡದಿಂದ ತುದಿಗೆ ಎಲ್ಲೂ ಕಡಿಯದೆ ಹೋಗಿರುತ್ತದೆ, ಗಂಟನ್ನು ಕೂಡ ಸುತ್ತಿಕೊಂಡು ಹೋಗಿರುತ್ತದೆ. ಅದೇ ಗಂಟು ಹಲಗೆಯಲ್ಲಿ ಬಂದರೆ ಮುರಿಯುವ ಜಾಗ. ಕೊಂಬೆಯಲ್ಲಿ ಅಷ್ಟು ಭಯವಿಲ್ಲ, ಆದರೆ ಗಂಟನ್ನು ಉಳಿಯಿಂದ ಪೂರ್ತಿ ಕೆತ್ತಿ ಸಮ ಮಾಡಬಾರದು. ಮೇಲಿನ ಚೂಪು ಮಾತ್ರ ಅರದಿಂದ ತೇಯಿರಿ. ಕೊಂಬೆಯ ತೊಂದರೆ ಕಾಯುವುದು. ಹಸಿ ಕೊಂಬೆ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಬಿದಿರಿನ ಬಗ್ಗೆ ನನಗೆ ವಿಶೇಷ ಪ್ರೀತಿ. ದಂಡಿ ಯಾತ್ರೆಯಲ್ಲಿ, 1930ರಲ್ಲಿ, ಗಾಂಧೀಜಿ ಹಿಡಿದು ನಡೆದ ಬಿದಿರಿನ ಕೋಲು ಮಂಜೇಶ್ವರದ ಗೋವಿಂದ ಪೈಗಳಿಂದ ಗಾಂಧೀಜಿಯ ಒಡನಾಡಿ ಕಾಕಾ ಕಾಲೇಲ್ಕರರಿಗೆ, ಅವರಿಂದ ಗಾಂಧೀಜಿಗೆ ಹೋದದ್ದು ಎಂದು ನಮ್ಮ ಕಡೆ ಹೇಳಿಕೊಂಡು ಬಂದಿದ್ದಾರೆ. ಅದು ಸುಮಾರು 385 ಕಿಲೋಮೀಟರ್ ನಡಿಗೆ. ಅಷ್ಟು ದೂರಕ್ಕೆ ಹಗುರವಾದ, ಗಟ್ಟಿಯಾದ ಕೋಲೇ ಬೇಕು, ಬಿದಿರಿನಲ್ಲಿ ಆ ಎರಡೂ ಗುಣ ಒಟ್ಟಿಗೆ ಸಿಗುತ್ತವೆ.

ಆದರೆ ಎಲ್ಲ ಬಿದಿರೂ ಆಗುವುದಿಲ್ಲ. ಹೆಬ್ಬಿದಿರು ದಪ್ಪ, ಒಳಗೆ ಪೊಳ್ಳು. ಊರುಗೋಲಿಗೆ ಬೇಕಾದದ್ದು ಗಂಡು ಬಿದಿರು, ಅಂದರೆ ಪೊಲೀಸರ ಲಾಠಿಗೆ ಬಳಸುವ, ಒಳಗೆ ಹೆಚ್ಚುಕಡಿಮೆ ತುಂಬಿಕೊಂಡಿರುವ ಜಾತಿ. ಮೂರು ವರ್ಷ ದಾಟಿದ ಗಳ ಆರಿಸಿ. ಎಳೆಯದು ಒಣಗಿದಾಗ ಸುಕ್ಕುಗಟ್ಟುತ್ತದೆ. ಬಿದಿರಿನ ಶಕ್ತಿ ಇರುವುದು ಹೊರಗಿನ ಸಿಪ್ಪೆಯಲ್ಲಿ, ಹಾಗಾಗಿ ನುಣುಪು ಮಾಡಲು ಅದನ್ನು ಹೆರೆಯಬೇಡಿ. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಆಗ ತುದಿ ಮುಚ್ಚಿರುತ್ತದೆ, ಒಡೆಯುವುದಿಲ್ಲ. ಮಲೆನಾಡಿನಲ್ಲಿ ಬೆಳೆದ ಬಿದಿರನ್ನು ಕಲಬುರಗಿಯ ಬೇಸಿಗೆಗೆ ಕಳಿಸಿದರೆ ಉದ್ದಕ್ಕೆ ಬಿರುಕು ಬರಬಹುದು. ಎರಡು ಕಡೆ ಗಟ್ಟಿ ನೂಲು ಸುತ್ತಿ ಅಂಟು ಹಚ್ಚಿದರೆ ಬಿರುಕು ಮುಂದೆ ಓಡುವುದಿಲ್ಲ.

ಬೆತ್ತ ನೋಡಲು ಬಿದಿರಿನಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿ. ಹಬೆಯಲ್ಲಿ ಬೇಯಿಸಿದರೆ ಮುರಿಯದೆ ಬಾಗುತ್ತದೆ, ಆದ್ದರಿಂದ ಕೊಡೆಯ ಹಿಡಿಯಂಥ ಬಾಗು ಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೆತ್ತ ಬಳುಕುತ್ತದೆ. ಮೇಷ್ಟರ ಕೈಯ ಬೆತ್ತ ನೆನಪಿಸಿಕೊಳ್ಳಿ. ಒಂದಿಂಚು ದಪ್ಪದ್ದು ಸಿಕ್ಕರೆ ಮಾತ್ರ ಭಾರ ಬಿಡುವವರಿಗೆ ಕೊಡಬಹುದು.

ನನ್ನ ತೀರ್ಮಾನ ಹೀಗೆ. ಮೈಭಾರ ಬಿಡುವವರಿಗೆ ಕೊಂಬೆಯ ಕೋಲು. ಬೆಟ್ಟಕ್ಕೆ, ದೂರದ ನಡಿಗೆಗೆ ಗಂಡು ಬಿದಿರು. ಬಾಗಿದ ಹಿಡಿಯ ಆಸೆ ಇದ್ದರೆ ಬೆತ್ತ. ಹಲಗೆಯದು ಕೊನೆಗೆ.

ನಿಮ್ಮ ಸುತ್ತಮುತ್ತ ಏನಿದೆ

ನಮ್ಮ ಕಡೆ ಕಾಫಿ ತೋಟ. ಕೊಯ್ಲು ಮುಗಿದ ಮೇಲೆ ಕಸಿ, ಅಂದರೆ ಗಿಡ ಸವರುವ ಕೆಲಸ, ಶುರುವಾಗುತ್ತದೆ, ರಾಶಿ ರಾಶಿ ಕೊಂಬೆ ಬೀಳುತ್ತದೆ. ಕಾಫಿ ಮರ ದಟ್ಟ, ಬೆಣ್ಣೆ ಬಣ್ಣ, ಉಜ್ಜಿದಷ್ಟೂ ನುಣುಪು. ಅರೇಬಿಕಾದ ನಡುಕಾಂಡ ನಾಲ್ಕೈದು ಅಡಿ ನೇರವಾಗಿರುತ್ತದೆ. ರೆಕ್ಕೆಗಳು, ಅಂದರೆ ಅಡ್ಡ ಕೊಂಬೆಗಳು, ಎದುರುಬದುರಾಗಿ ಹೊರಡುವುದರಿಂದ ಗಂಟುಗಳು ಜೋಡಿಜೋಡಿಯಾಗಿ ಬರುತ್ತವೆ, ಅದೇ ಅದರ ಚೆಂದ. ಕೊಡಗಿನಲ್ಲಿ ಪ್ರವಾಸಿಗರಿಗೆ ಮಾರುವ ಕಾಫಿ ಮರದ ಕೋಲುಗಳನ್ನು ನೀವೂ ನೋಡಿರಬಹುದು.

ಒಂದು ಎಚ್ಚರಿಕೆ. ತೋಟದಲ್ಲಿ ಕಿತ್ತು ಹಾಕಿದ ಅರೇಬಿಕಾ ಗಿಡ ಸುಲಭಕ್ಕೆ ಸಿಗುತ್ತದೆ, ಆದರೆ ಅದನ್ನು ಕಿತ್ತದ್ದು ಯಾಕೆ ಅಂತ ಕೇಳಿ. ಬಿಳಿ ಕಾಂಡಕೊರಕ ಹೊಡೆದ ಗಿಡವಾದರೆ ಒಳಗೆಲ್ಲ ಹುಳು ಸುರಂಗ ಕೊರೆದು, ಹುಡಿ ತುಂಬಿಟ್ಟಿರುತ್ತದೆ. ಹೊರಗೆ ಕಾಣುವುದು ತೊಗಟೆ ಮೇಲೆ ಉಬ್ಬಿದ ಏಣು ಮಾತ್ರ. ಅಂಥ ಗಿಡವನ್ನು ಬೆಳೆಗಾರರು ಸುಡುವುದೇ ಸರಿ. ಅದನ್ನು ಮನೆಗೆ ತಂದರೆ ಹುಳುವನ್ನೂ ತಂದ ಹಾಗೆ.

ಸೀಬೆ, ಉತ್ತರದ ಕಡೆಯವರ ಪೇರಲ, ನನ್ನ ಎರಡನೇ ಆಯ್ಕೆ. ಹಿತ್ತಲಲ್ಲೇ ಸಿಗುತ್ತದೆ. ಚಿಕ್ಕವರಿದ್ದಾಗ ಕ್ಯಾಟರ್‌ಬಿಲ್ಲಿಗೆ ಸೀಬೆ ಕವಲನ್ನೇ ಹುಡುಕುತ್ತಿದ್ದೆವಲ್ಲ, ಸುಮ್ನೆ ಅಲ್ಲ. ಎಷ್ಟು ಎಳೆದರೂ ಅದು ಸೀಳುವುದಿಲ್ಲ. ನೇರ ಕೊಂಬೆ ಹುಡುಕಲು ಮಾತ್ರ ತಾಳ್ಮೆ ಬೇಕು.

ರೇಷ್ಮೆ ಸೀಮೆಯವರಿಗೆ ಹಿಪ್ಪುನೇರಳೆ ಇದೆ. ಹಾಕಿ ಸ್ಟಿಕ್ ಮಾಡುವ ಮರ ಅದು. ಪೆಟ್ಟು ತಡೆಯುತ್ತದೆ, ತೂಕವೂ ಹೆಚ್ಚಿಲ್ಲ. ಎಲೆಗೆಂದು ವರ್ಷವರ್ಷ ಕತ್ತರಿಸುವ ಗಿಡದ ಕಡ್ಡಿ ಸಣ್ಣದಾಯಿತು. ಬೇಲಿ ಮೇಲೆ ಬಿಟ್ಟ ಹಳೆ ಗಿಡ ನೋಡಿ.

ಬಯಲುಸೀಮೆಯಲ್ಲಿ ಕರಿಜಾಲಿ. ನೇಗಿಲು, ಕುಂಟೆ ಮಾಡಿಕೊಂಡು ಬಂದ ಮರಕ್ಕೆ ಬೇರೆ ಸರ್ಟಿಫಿಕೇಟ್ ಬೇಡ, ಆದರೆ ಭಾರ. ಬಳ್ಳಾರಿ ಜಾಲಿಯನ್ನು ಜನ ಸೌದೆ ಅಂತ ಕಡೆಗಣಿಸುತ್ತಾರೆ. ನಿಜವಾಗಿ ಅದು ಒಣಗುವಾಗ ಬಹಳ ಕಡಿಮೆ ಕುಗ್ಗುವ, ಗಟ್ಟಿ ಮರ. ಕಡಿದರೆ ಬೇಡ ಅನ್ನುವವರೂ ಇಲ್ಲ. ಮೂರಡಿ ನೇರ ಕೊಂಬೆ ಸಿಕ್ಕರೆ ಬಿಡಬೇಡಿ. ಮುಳ್ಳು ಚುಚ್ಚಿದರೆ ಬಾವು ಬರುತ್ತದೆ, ದಪ್ಪ ಕೈಗವಸು ಹಾಕಿಕೊಂಡೇ ಕಡಿಯಿರಿ.

ನೀಲಗಿರಿ ನೇರವಾಗಿರುತ್ತದೆ ಎಂದು ಆಸೆಪಡಬೇಡಿ, ಒಣಗುವಾಗ ತಿರುಚಿ ಸೀಳುತ್ತದೆ. ಸಿಲ್ವರ್ ಓಕ್ ಕೊಂಬೆ ಬಲವಿಲ್ಲ. ಬೈನೆ ಮರದ ಕರಿ ಎಳೆ ನೋಡಲು ಸುಂದರ, ಆದರೆ ಸಿಬಿರು ಏಳುತ್ತದೆ. ಅಂಗೈಗೆ ಚುಚ್ಚಿದರೆ ವಯಸ್ಸಾದವರಿಗೆ ಬೇಗ ವಾಸಿಯಾಗುವುದಿಲ್ಲ.

ತೂಕದ ಲೆಕ್ಕವನ್ನೂ ಹಾಕಿಕೊಳ್ಳಿ. 90 ಸೆಂಟಿಮೀಟರ್ ಉದ್ದ, 25 ಮಿಲಿಮೀಟರ್ ದಪ್ಪದ ಕೋಲು ತೇಗದಲ್ಲಿ ಸುಮಾರು 290 ಗ್ರಾಂ, ಬೀಟೆಯಲ್ಲಿ ಸುಮಾರು 375 ಗ್ರಾಂ ಬರುತ್ತದೆ. ಹಿಡಿ, ರಬ್ಬರ್ ಸೇರಿದರೆ ಇನ್ನೂ ಜಾಸ್ತಿ. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿದಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ದಿನಕ್ಕೆ ಸಾವಿರ ಸಲ ಎತ್ತುವ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಬೀಟೆ, ತೇಗ, ಗಂಧ ನಿಮ್ಮ ಜಾಗದಲ್ಲೇ ಇದ್ದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಡಿನ ಬೆತ್ತವೂ ಅಷ್ಟೇ, ಅನುಮತಿ ಇಲ್ಲದೆ ತರಬಾರದು. ಕಾಡಿನ ಹೊರಗೆ ಬೆಳೆದ ಬಿದಿರಿಗೆ ಮಾತ್ರ 2017ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಕಾಯ್ದೆಯನ್ನು ತಿದ್ದಿ, ಮರ ಎನ್ನುವ ವ್ಯಾಖ್ಯೆಯಿಂದ ಬಿಡುಗಡೆ ಕೊಟ್ಟಿದೆ. ವಿದೇಶದಲ್ಲಿರುವ ಮಗ ಅಥವಾ ಮಗಳ ಮನೆಗೆ ಹೋಗುವ ಹಿರಿಯರಿಗೆ ಮಾಡುವುದಾದರೆ ತೊಗಟೆ ಪೂರ್ತಿ ತೆಗೆದ, ಹುಳುಕಿಲ್ಲದ ಕೋಲು ಕೊಡಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮರದ ಸಾಮಾನು ಇದೆ ಎಂದು ಮೊದಲೇ ಹೇಳಬೇಕು, ತೊಗಟೆ ಇದ್ದರೆ ಒಳಗೆ ಬಿಡುವುದಿಲ್ಲ. ಬೀಟೆ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ, ಪ್ರಯಾಣದ ಕೋಲಿಗೆ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಒಣಗಿಸುವುದು: ನೆರಳೋ, ಅಟ್ಟವೋ

ಕಡಿಯಲು ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲಿನ ಎರಡು ತಿಂಗಳು ಒಳ್ಳೆಯದು. ಬೇಕಾದ ಅಳತೆಗಿಂತ ಅರ್ಧ ಅಡಿ ಉದ್ದ ಬಿಡಿ, ತುದಿ ಸೀಳಿದರೆ ಕತ್ತರಿಸಿ ಹಾಕಬಹುದು. ಎರಡೂ ತುದಿಗೆ ಮೇಣ ಅಥವಾ ಹಳೆ ಪೇಂಟ್ ಬಳಿಯಿರಿ. ತೊಗಟೆ ಸದ್ಯಕ್ಕೆ ಹಾಗೇ ಇರಲಿ, ಬೇಗ ಒಣಗಿದರೆ ಬಿರಿಯುತ್ತದೆ. ನೆರಳಲ್ಲಿ ಗಾಳಿ ಆಡುವ ಕಡೆ ಮಲಗಿಸಿ. ಬಿಸಿಲಿಗೆ ಇಡುವುದು ಬೇಡವೇ ಬೇಡ.

ಸೌದೆ ಒಲೆ ಇನ್ನೂ ಉರಿಯುವ ಮನೆಯಾದರೆ ಅಟ್ಟದಲ್ಲಿಡಿ. ಹೊಗೆ ಕುಡಿದ ಮರಕ್ಕೆ ಕುಟ್ಟೆ ಹುಳು ಸುಲಭಕ್ಕೆ ಬೀಳುವುದಿಲ್ಲ, ಬಣ್ಣವೂ ಜೇನಿನ ಹಾಗೆ ತಿರುಗುತ್ತದೆ. ಬಿದಿರಿಗೆ ಕುಟ್ಟೆ ಕಾಟ ಹೆಚ್ಚು, ಅದರೊಳಗಿನ ಪಿಷ್ಟ ಹುಳುವಿಗೆ ಊಟ. ಕಡಿದ ಗಳವನ್ನು ಎರಡು ಮೂರು ವಾರ ಹಳ್ಳದ ಹರಿಯುವ ನೀರಲ್ಲಿ ಮುಳುಗಿಸಿಟ್ಟರೆ ಆ ಪಿಷ್ಟ ಕಡಿಮೆಯಾಗುತ್ತದೆ.

ಒಣಗಿತಾ ಇಲ್ಲವಾ ಅಂತ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ತೊಗಟೆ ಮೇಲೆ ಬರೆದಿಡಿ. ಮೂರು ವಾರ ತೂಕ ಇಳಿಯದೆ ನಿಂತರೆ ಒಣಗಿದೆ. ಸ್ವಲ್ಪ ಡೊಂಕಿದ್ದರೆ ಆ ಜಾಗವನ್ನು ಅರ್ಧ ಗಂಟೆ ಹಬೆಗೆ ಹಿಡಿದು, ಎರಡು ಗೂಟದ ನಡುವೆ ಸಿಕ್ಕಿಸಿ, ತಣ್ಣಗಾಗುವವರೆಗೆ ಬಿಡಿ.

ಹಿಡಿ

ಗುಂಡು ಹಿಡಿ, ಬಾಗು ಹಿಡಿ, ಅಡ್ಡ ಹಿಡಿ. ಸಾಮಾನ್ಯವಾಗಿ ಈ ಮೂರು.

ಗುಂಡು ಹಿಡಿ ನೋಡಲು ಗತ್ತು. ನಡಿಗೆ ಗಟ್ಟಿ ಇರುವವರಿಗೆ ಸರಿ. ಆದರೆ ಭಾರವೆಲ್ಲ ಅಂಗೈ ನಡುವೆ ಬೀಳುತ್ತದೆ, ಕೀಲುನೋವು ಇರುವವರಿಗೆ ಅದನ್ನು ಅದುಮಿ ಹಿಡಿಯಲು ಆಗುವುದಿಲ್ಲ. ಬಾಗು ಹಿಡಿಯನ್ನು ತೋಳಿಗೆ, ಬಸ್ಸಿನ ಕಂಬಿಗೆ ನೇತುಹಾಕಬಹುದು, ಅದೇ ಅದರ ದೊಡ್ಡ ಅನುಕೂಲ. ಮಂಡಿ ನೋವಿನವರಿಗೆ ನಾನು ಯಾವಾಗಲೂ ಅಡ್ಡ ಹಿಡಿಯನ್ನೇ ಹಾಕುತ್ತೇನೆ. ಅಂಗೈ ಪೂರ್ತಿ ಅದರ ಮೇಲೆ ಕೂರುತ್ತದೆ. ಮುಂದೆ ಸ್ವಲ್ಪ ದಪ್ಪ, ಹಿಂದೆ ಸಣ್ಣಗೆ ಕೆತ್ತಿ, ತೋರುಬೆರಳು ಕೆಳಗೆ ಇಳಿಯಲು ಒಂದು ತಗ್ಗು ಮಾಡಿ.

ಅಡ್ಡ ಹಿಡಿಯಲ್ಲಿ ಮರದ ಎಳೆ ಹಿಡಿಯ ಉದ್ದಕ್ಕೆ ಹೋಗಬೇಕು. ಇಲ್ಲದಿದ್ದರೆ ಮೂತಿ ಒಂದು ದಿನ ಕಳಚಿ ಕೈಗೆ ಬರುತ್ತದೆ. ಜೋಡಿಸಲು 8 ಮಿಲಿಮೀಟರ್ ದಪ್ಪದ, ಮರೆ (ಸ್ಕ್ರೂವಿನಂಥ ತಿರುಪು ಗೆರೆ) ಇರುವ ಕಬ್ಬಿಣದ ರಾಡು ತೆಗೆದುಕೊಳ್ಳಿ. ಕೋಲಿನೊಳಗೆ ಮೂರಿಂಚು, ಹಿಡಿಯೊಳಗೆ ಒಂದು ಇಂಚು ಹೋಗಲಿ, ಎಪಾಕ್ಸಿ ಅಂಟು ತುಂಬಿ ಒಂದು ದಿನ ಅಲುಗಾಡಿಸದೆ ಬಿಡಿ. ಮರಗೆಲಸದ ಬಿಳಿ ಅಂಟು ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಮೊಳೆ ಹೊಡೆದು ಕೂರಿಸುವುದಂತೂ ಬೇಡ.

ಎಲ್ಲಕ್ಕಿಂತ ಒಳ್ಳೆಯದು ಜೋಡಣೆಯೇ ಇಲ್ಲದ ಹಿಡಿ. ಕೊಂಬೆ ಕಡಿಯುವಾಗ ಅದು ಹುಟ್ಟಿದ ದಪ್ಪ ಕಾಂಡದ ನಾಲ್ಕೈದು ಇಂಚು ತುಂಡನ್ನೂ ಸೇರಿಸಿ ಕತ್ತರಿಸಿದರೆ, ಕೊಂಬೆಯೇ ಕೋಲು, ಆ ತುಂಡೇ ಅಡ್ಡ ಹಿಡಿ. ಅಪ್ಪಯ್ಯನ ಈಗಿನ ಕೋಲು ಹಾಗೆ ಮಾಡಿದ್ದು, ಸೀಬೆಯದು. ಅಂಥ ಒಂದು ಕೊಂಬೆಗೆ ಎರಡು ವರ್ಷ ಹುಡುಕಿದೆ.

ಬಣ್ಣದ ಹಿಡಿ ಬೇಕೆಂದರೆ ಚನ್ನಪಟ್ಟಣದ ಕಡೆ ನೋಡಿ. ಅಲ್ಲಿನ ಕಡೆತದ ಕೆಲಸದವರು ಹಾಲೆ ಮರವನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಗುಂಡು ಹಿಡಿಗೆ ಅದು ಬಹಳ ಚೆಂದ. ಹಾಲೆ ಮರ ಮೃದು, ಕೋಲಿಗೆ ಬೇಡ.

ಪಾಲಿಶ್ ಮತ್ತು ತುದಿ

ಅಗಸೆ ಎಣ್ಣೆ ನನ್ನ ಆಯ್ಕೆ. ಕಾಯಿಸಿದ ಅಗಸೆ ಎಣ್ಣೆ ಅಂತ ಪೇಂಟ್ ಅಂಗಡಿಯಲ್ಲಿ ಕೇಳಿ, ಹಸಿಯದು ಒಣಗಲು ತುಂಬಾ ದಿನ ಹಿಡಿಯುತ್ತದೆ. ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಸಲ ಮೇಲೆ ಉಳಿದದ್ದನ್ನು ಒರೆಸಿ. ಕೈಗೆ ಜಾರುವುದಿಲ್ಲ, ಸವೆದರೆ ಮನೆಯಲ್ಲೇ ಮತ್ತೆ ಹಚ್ಚಬಹುದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ. ಅರಗಿನ ಪಾಲಿಶ್ ಹೊಳೆಯುತ್ತದೆ, ಆದರೆ ಮಳೆ ನೀರಿಗೆ ಬೆಳ್ಳಗಾಗುತ್ತದೆ. ಪಿಯು (ಪಾಲಿಯುರೆಥೇನ್) ಕೋಟಿಂಗ್ ನೀರು ತಡೆಯುತ್ತದೆ, ಬೆವರಿದ ಕೈಗೆ ಜಾರುತ್ತದೆ. ಹಾಗಾಗಿ ಕೋಲಿಗೆ ಬೇಕಾದರೆ ಪಿಯು ಹೊಡೆಯಿರಿ, ಹಿಡಿಗೆ ಎಣ್ಣೆಯೇ ಇರಲಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ.

ಕೊಡುವ ಮುಂಚೆ ನೀವೇ ಪರೀಕ್ಷೆ ಮಾಡಿ. ಗೋಡೆ ಪಕ್ಕ ನಿಂತು, ಒಂದು ಕಾಲೆತ್ತಿ, ಪೂರ್ತಿ ಭಾರ ಕೋಲಿನ ಮೇಲೆ ಬಿಡಿ. ನಾಲ್ಕೂ ಕಡೆ ತಿರುಗಿಸಿ ಹೀಗೇ ಮಾಡಿ. ಸಣ್ಣ ಚಟ್ ಅನ್ನುವ ಸದ್ದು ಬಂದರೂ ಆ ಕೋಲು ಯಾರಿಗೂ ಬೇಡ.

ಕೆಳಗಿನ ರಬ್ಬರ್ ಬುಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 19 ಮತ್ತು 22 ಮಿಲಿಮೀಟರಿನವು ಹೆಚ್ಚಾಗಿ ಇರುತ್ತವೆ, ತುದಿಯನ್ನು ಆ ಅಳತೆಗೇ ಇಳಿಸಿಕೊಳ್ಳಿ. ಬಿಗಿಯಾಗಿ ಕೂರಬೇಕು, ಅಂಟು ಹಾಕಬೇಡಿ, ಆಮೇಲೆ ಬದಲಿಸಲು ಬರುವುದಿಲ್ಲ. ಹಿತ್ತಾಳೆ ಕಟ್ಟು ಮಣ್ಣಿನ ದಾರಿಗೆ, ಬೆಟ್ಟಕ್ಕೆ ಸರಿ. ಮೊಸಾಯಿಕ್, ಟೈಲ್ಸ್ ನೆಲದಲ್ಲಿ ಅದು ಜಾರುತ್ತದೆ. ಅಂಚು ಸವೆದು ಬುಷ್ಷಿನ ತಳದ ಗೆರೆಗಳು ಮಾಸಿದ ದಿನವೇ ಹೊಸದು ಹಾಕಿ. ಹಾಗೆ ಬದಲಿಸುವಾಗಲೆಲ್ಲ ಮಣಿಕಟ್ಟಿನ ಅಳತೆ ಇನ್ನೊಮ್ಮೆ ತೆಗೆಯಿರಿ. ವಯಸ್ಸಾದಂತೆ ಎತ್ತರ ಇಳಿಯುತ್ತದೆ. ಅಪ್ಪಯ್ಯನ ಕೋಲನ್ನು ಈ ಸಲ ಅರ್ಧ ಇಂಚು ಕತ್ತರಿಸಿದೆ.